ಓದು ಮುಗಿಯುವ ಮೊದಲೇ ಅಭಿಪ್ರಾಯ ಹಂಚಿಕೊಳ್ಳುವುದು ಹೇಗೆ?

ಪುಸ್ತಕ ಮುಗಿಸಿ ವಿಮರ್ಶೆ ಬರೆಯುವವರಿಗೆ ಕೊನೆ ಏನೆಂದು ಗೊತ್ತಿರುತ್ತದೆ. ಅರ್ಧದಲ್ಲಿರುವ ಓದುಗರಿಗೆ ಗೊತ್ತಿರುವುದಿಲ್ಲ. ಅವರ ಮಾತಿಗೆ ಬೆಲೆ ಬರುವುದೇ ಇದರಿಂದ. ಯಾವ ಪಾತ್ರದ ಮೇಲೆ ಅನುಮಾನ ಬಂತು, ಎಲ್ಲಿ ಓದು ಕುಂಟಿತು, ಯಾವ ಸಾಲನ್ನು ಎರಡು ಸಲ ಓದಬೇಕಾಯಿತು ಎಂಬುದನ್ನು ಪುಸ್ತಕ ಮುಗಿದ ಮೇಲೆ ನೆನಪಿಸಿಕೊಳ್ಳಲು ಕೂತರೆ ಸಿಗುವುದು ತಿದ್ದಿದ ನೆನಪು ಮಾತ್ರ. ಕೊನೆ ಗೊತ್ತಾದ ಕೂಡಲೇ ‘ನನಗೆ ಮೊದಲೇ ಅನಿಸಿತ್ತು’ ಎಂದು ಮನಸ್ಸು ಹೇಳಿಬಿಡುತ್ತದೆ.

ಚಾರ್ಲ್ಸ್ ಡಿಕನ್ಸ್ ಕಾದಂಬರಿಗಳು 1836ರಿಂದ ಕಂತು ಕಂತಾಗಿ ಬರುತ್ತಿದ್ದ ಕಾಲದಲ್ಲಿ ಓದುಗರೆಲ್ಲ ಒಂದೇ ಜಾಗದಲ್ಲಿ ನಿಂತಿರುತ್ತಿದ್ದರು. ಮುಂದಿನ ಕಂತು ಬರುವವರೆಗೆ ಯಾರಿಗೂ ಹೆಚ್ಚು ಗೊತ್ತಿರಲು ಸಾಧ್ಯವಿರಲಿಲ್ಲ. ಪತ್ರಿಕೆಗಳಲ್ಲಿ ಧಾರಾವಾಹಿ ಓದಿದವರಿಗೂ ಈ ಅನುಭವ ಗೊತ್ತು. ಇಡೀ ಪುಸ್ತಕ ಒಟ್ಟಿಗೆ ಕೈಗೆ ಬಂದಾಗ ಹಾಗಾಗುವುದಿಲ್ಲ. ಒಬ್ಬರು 40ನೇ ಪುಟದಲ್ಲಿದ್ದರೆ ಇನ್ನೊಬ್ಬರು 240ರಲ್ಲಿರುತ್ತಾರೆ. ನಡುವೆ ನಡೆಯುವ ಜಗಳ, ಬೇಸರ, ಗುಟ್ಟು ಬಯಲಾಗುವ ಪ್ರಸಂಗ ಎಲ್ಲಕ್ಕೂ ಮೂಲ ಈ ಅಂತರವೇ. ಆದ್ದರಿಂದ ಮೊದಲ ಹೆಜ್ಜೆಯೂ ಅಲ್ಲಿಂದಲೇ.

ಎಲ್ಲಿದ್ದೀರಿ ಎಂದು ಮೊದಲ ಸಾಲಿನಲ್ಲೇ ಹೇಳಿ

ಬರೀ ಪುಟಸಂಖ್ಯೆ ಸಾಲದು. ಮುದ್ರಣ ಬದಲಾದರೆ, ಅಕ್ಷರದ ಗಾತ್ರ ಬದಲಾದರೆ ಪುಟ ಬದಲಾಗುತ್ತದೆ. ಒಂದೇ ಕಾದಂಬರಿಯ ಎರಡು ಆವೃತ್ತಿಗಳಲ್ಲಿ ಐವತ್ತು ಅರವತ್ತು ಪುಟ ಹೆಚ್ಚು ಕಡಿಮೆ ಇರುವುದು ಸಾಮಾನ್ಯ. ಅಧ್ಯಾಯದ ಸಂಖ್ಯೆ ಹೇಳಿದರೆ ಎಲ್ಲರಿಗೂ ತಾಳೆಯಾಗುತ್ತದೆ: ‘24 ಅಧ್ಯಾಯಗಳಲ್ಲಿ 9ನೆಯದು ಮುಗಿಸಿದ್ದೇನೆ’. ಅಧ್ಯಾಯಗಳೇ ಇಲ್ಲದ ಪುಸ್ತಕವಾದರೆ ಪುಟದ ಜೊತೆ ಒಟ್ಟು ಪುಟಗಳನ್ನೂ ಹೇಳಿ, ‘320ರಲ್ಲಿ 130’ ಎಂಬಂತೆ. ಯಾವ ವರ್ಷದ ಮುದ್ರಣ ಎಂಬುದನ್ನೂ ಸೇರಿಸಿದರೆ ಒಳ್ಳೆಯದು.

ಇ-ಪುಸ್ತಕದಲ್ಲಿ ಕಾಣುವ ಶೇಕಡಾವಾರು ಕಾದಂಬರಿಗೆ ಸರಿ, ಸಂಶೋಧನೆ ಅಥವಾ ಇತಿಹಾಸದ ಪುಸ್ತಕಕ್ಕೆ ಮೋಸ ಮಾಡುತ್ತದೆ. ಟಿಪ್ಪಣಿ, ಆಕರಗಳ ಪಟ್ಟಿ, ಪದಸೂಚಿ ಎಲ್ಲ ಸೇರಿ ಪುಸ್ತಕದ ಕಾಲುಭಾಗ ಇದ್ದರೆ ಮುಖ್ಯ ಬರಹ ಶೇ 75ಕ್ಕೇ ಮುಗಿಯುತ್ತದೆ. ಆಗ ಶೇ 60ರಲ್ಲಿದ್ದೇನೆ ಎನ್ನುವವರು ನಿಜಕ್ಕೂ ಐದರಲ್ಲಿ ನಾಲ್ಕು ಭಾಗ ಓದಿಯಾಗಿರುತ್ತದೆ. ‘ವಾದ ಇನ್ನೂ ಬೆಳೆಯಬೇಕಿದೆ’ ಎಂದು ಬರೆಯುವ ಮುನ್ನ ಪರಿವಿಡಿ ತೆರೆದು ಎಷ್ಟು ಅಧ್ಯಾಯ ಬಾಕಿ ಇದೆ ನೋಡಿಕೊಳ್ಳಿ. ಆಡಿಯೋ ಪುಸ್ತಕ ಕೇಳುತ್ತಿರುವವರು ಗಂಟೆ ನಿಮಿಷದ ಜೊತೆ ಅಧ್ಯಾಯವನ್ನೂ ಹೇಳಬೇಕು. ಇನ್ನೊಬ್ಬರ ಕೈಯಲ್ಲಿರುವ ಅಚ್ಚಿನ ಪ್ರತಿಯಲ್ಲಿ 3 ಗಂಟೆ 10 ನಿಮಿಷ ಹುಡುಕಲು ಆಗುವುದಿಲ್ಲ.

ಗುರುತು ಮಾಡಿಕೊಳ್ಳುವ ಕ್ರಮ

ಅಭಿಪ್ರಾಯ ಪೊಳ್ಳಾಗುವುದು ಬರೆಯುವಾಗಲ್ಲ, ಓದುವಾಗ ಗುರುತು ಹಾಕದೆ ಇದ್ದಾಗ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ನೆನಪಿನ ಪ್ರಯೋಗಗಳಲ್ಲಿ ಮರೆವು ಮೊದಲ ಕೆಲವು ಗಂಟೆಗಳಲ್ಲೇ ಅತಿ ವೇಗವಾಗಿರುತ್ತದೆ ಎಂದು ಕಂಡಿತು. ಅವರು ಕಲಿತದ್ದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು. ಕಥೆ ಅಷ್ಟು ಬೇಗ ಮರೆಯುವುದಿಲ್ಲ ನಿಜ, ಆದರೆ ಕಥೆ ಉಳಿದರೂ ಅದರ ಮಾತು, ಪದಜೋಡಣೆ, ನಿಮಗೆ ಆ ಕ್ಷಣ ಅನಿಸಿದ್ದು ಜಾರಿಹೋಗುತ್ತವೆ. ಅದೇ ದಿನ ಒಂದು ಸಾಲು ಗೀಚಿಟ್ಟುಕೊಂಡರೆ ಸಾಕು.

ಸುಲಭದ ಉಪಾಯವೊಂದಿದೆ. ಒಂದು ಎ4 ಹಾಳೆಯನ್ನು ಉದ್ದುದ್ದಕ್ಕೆ ನಾಲ್ಕಾಗಿ ಕತ್ತರಿಸಿ. ಪ್ರತಿ ಪಟ್ಟಿ ಸುಮಾರು 5 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದ ಇರುತ್ತದೆ. ಅಡ್ಡಕ್ಕೆ ಮಡಚಿದರೆ 15 ಸೆಂ.ಮೀ. ಎತ್ತರದ, ಬರೆಯಲು ನಾಲ್ಕು ಮುಖವಿರುವ ಪುಟಗುರುತು ಸಿದ್ಧ. ಮೊದಲ ಮುಖ ಪಾತ್ರಗಳ ಹೆಸರು, ಸಂಬಂಧಗಳಿಗೆ. ಎರಡು, ಮೂರನೆಯದು ಪುಟವಾರು ಟಿಪ್ಪಣಿಗೆ. ಕೊನೆಯದು ನಿಮ್ಮ ಊಹೆಗಳಿಗೆ ಮತ್ತು ಪ್ರಶ್ನೆಗಳಿಗೆ. ಗ್ರಂಥಾಲಯದ ಅಥವಾ ಎರವಲು ತಂದ ಪುಸ್ತಕಕ್ಕೆ ಇದೇ ಸರಿ, ಪುಟದ ಮೇಲೆ ಪೆನ್ಸಿಲ್ ಕೂಡ ಆಡಿಸಬಾರದು. ಅಂಟುಚೀಟಿ ಹಚ್ಚಿದರೆ ಓದು ಮುಗಿದ ಕೂಡಲೇ ತೆಗೆಯಿರಿ. ಬಹಳ ಕಾಲ ಬಿಟ್ಟರೆ ಅಂಟು ಕಾಗದದಲ್ಲೇ ಉಳಿದು ಧೂಳು ಹಿಡಿಯುತ್ತದೆ, ಹಳೆಯ ಕಾಗದವಾದರೆ ಅಕ್ಷರವೇ ಕಿತ್ತುಬರಬಹುದು. ಸ್ವಂತ ಪುಸ್ತಕಕ್ಕೆ 2ಬಿ ಪೆನ್ಸಿಲ್ ಒಳ್ಳೆಯದು, ಒತ್ತದೆ ಬರೆಯಬಹುದು, ಅಳಿಸಬಹುದು.

ಟಿಪ್ಪಣಿಯಲ್ಲಿ ಮೂರು ಸಂಗತಿ ಇರಲಿ: ಪುಟ, ಆ ಸಾಲಿನ ಮೊದಲ ಎರಡು ಮೂರು ಪದ, ನಿಮಗೆ ಅನಿಸಿದ್ದು. ‘ಪು. 88, “ಬಿಲ್ಲು ಕಟ್ಟಿದ್ದು”, ಇದನ್ನು ಯಾಕೆ ಮೊದಲು ಹೇಳಲಿಲ್ಲ?’ ಇಷ್ಟು ಸಾಕು. ಇಡೀ ಪ್ಯಾರಾ ನಕಲು ಮಾಡಲು ಹೋದರೆ ಓದು ನಿಲ್ಲುತ್ತದೆ, ಎರಡು ದಿನಕ್ಕೆ ಅಭ್ಯಾಸವೂ ನಿಲ್ಲುತ್ತದೆ. ಹತ್ತು ಪುಟಕ್ಕೆ ಐದಾರು ಗುರುತು ಬೀಳುತ್ತಿವೆ ಎಂದರೆ ಸಿಕ್ಕಿದ್ದಕ್ಕೆಲ್ಲ ಗೆರೆ ಎಳೆಯುತ್ತಿದ್ದೀರಿ ಎಂದರ್ಥ. ಆಮೇಲೆ ತಿರುಗಿ ನೋಡಿದಾಗ ಯಾವುದು ಮುಖ್ಯವೆಂದು ಗೊತ್ತಾಗುವುದಿಲ್ಲ. ಇ-ಪುಸ್ತಕದಲ್ಲಿ ಗುರುತಿಟ್ಟ ಸಾಲುಗಳನ್ನು ಹೊರಗೆ ನಕಲಿಸಲು ಕೆಲವು ಪ್ರಕಾಶಕರು ಮಿತಿ ಇಟ್ಟಿರುತ್ತಾರೆ. ಅಲ್ಲೂ ಎಗ್ಗಿಲ್ಲದೆ ಗುರುತು ಹಾಕಿದರೆ ಬೇಕಾದ ಸಾಲು ತೆಗೆಯುವ ಹೊತ್ತಿಗೆ ಮಿತಿ ಮುಗಿದಿರುತ್ತದೆ.

ಬರೆಯುವುದು

ಮೊದಲ ಅಭಿಪ್ರಾಯಕ್ಕೆ ಆತುರ ಬೇಡ. ಮುನ್ನೂರು ಪುಟದ ಕಾದಂಬರಿಯಲ್ಲಿ ಮೊದಲ ನಲವತ್ತು ಐವತ್ತು ಪುಟ ಜನರನ್ನೂ ಜಾಗವನ್ನೂ ಪರಿಚಯಿಸಲು ಹೋಗಿರುತ್ತದೆ. ಅದನ್ನು ದಾಟಿ, ಒಂದು ಅಧ್ಯಾಯದ ಕೊನೆಯಲ್ಲಿ ನಿಂತು ಬರೆಯಿರಿ. ಅಧ್ಯಾಯದ ನಡುವೆ ಬರೆದರೆ ಎರಡು ಪುಟದಲ್ಲಿ ಸಿಗುವ ಉತ್ತರಕ್ಕೆ ದೊಡ್ಡ ಪ್ರಶ್ನೆ ಎತ್ತಿದ ಹಾಗಾಗುತ್ತದೆ.

ನೂರು ನೂರಿಪ್ಪತ್ತು ಪದ ಸಾಕು. ಎಲ್ಲಿದ್ದೀರಿ, ಯಾವ ಸಂದರ್ಭ, ಏನು ಅನಿಸಿತು, ಯಾವ ಸಾಲಿನಿಂದ ಹಾಗನಿಸಿತು, ಏನು ತಿಳಿಯಬೇಕು, ಇದೇ ಕ್ರಮ. ಇದರಲ್ಲಿ ನಾಲ್ಕನೆಯದನ್ನು ಬಿಟ್ಟರೆ ಉಳಿದದ್ದು ಯಾವ ಪುಸ್ತಕಕ್ಕೂ ಹೊಂದುತ್ತದೆ. ‘ಒಂದೇ ಉಸಿರಿಗೆ ಓದಿಸಿಕೊಂಡು ಹೋಗುತ್ತದೆ’, ‘ಮನಮುಟ್ಟುವ ನಿರೂಪಣೆ’, ‘ಎಲ್ಲರೂ ಓದಲೇಬೇಕಾದ ಕೃತಿ’ ಎಂಬ ಮಾತುಗಳ ತೊಂದರೆ ಇದೇ. ಪುಸ್ತಕದ ಹೆಸರು ಬದಲಿಸಿದರೂ ಅವು ಹಾಗೇ ನಿಲ್ಲುತ್ತವೆ.

ಒಂದು ಕಲ್ಪಿತ ಕಾದಂಬರಿ ಇಟ್ಟುಕೊಂಡು ನೋಡೋಣ. ಅಪ್ಪ ತೀರಿಕೊಂಡಿದ್ದಾರೆ, ಮನೆ ಮಾರುವ ವಿಚಾರದಲ್ಲಿ ಅಣ್ಣ ತಂಗಿಗೆ ಮನಸ್ತಾಪ, ಕಥೆ ಹೇಳುವವಳು ತಂಗಿ. ಅವಸರದಲ್ಲಿ ಬರೆದ ಅಭಿಪ್ರಾಯ ಹೀಗಿರುತ್ತದೆ:

‘ಅರ್ಧ ಓದಿದೆ. ತುಂಬಾ ಚೆನ್ನಾಗಿದೆ. ಸಂಬಂಧಗಳ ಸೂಕ್ಷ್ಮತೆಯನ್ನು ಕಟ್ಟಿಕೊಟ್ಟಿದ್ದಾರೆ. ಅಣ್ಣನ ಪಾತ್ರ ಕಂಡರೆ ಸಿಟ್ಟು ಬರುತ್ತದೆ. ಅಲ್ಲಲ್ಲಿ ಸ್ವಲ್ಪ ಬೋರ್.’

ಅದೇ ಓದುಗರು ಪುಟಗುರುತು ಮುಂದಿಟ್ಟುಕೊಂಡು ಬರೆದರೆ:

‘24ರಲ್ಲಿ 9 ಅಧ್ಯಾಯ ಮುಗಿದಿದೆ. ಅಪ್ಪನ ಮನೆ ಮಾರುವ ವಿಚಾರಕ್ಕೆ ಅಣ್ಣ ತಂಗಿ ಮಾತು ಬಿಟ್ಟಿದ್ದಾರೆ. ತಂಗಿ ಅಣ್ಣನನ್ನು ಸಿಕ್ಕಲ್ಲೆಲ್ಲ “ದುಡ್ಡಿನ ಮನುಷ್ಯ” ಎನ್ನುತ್ತಾಳೆ. ನಾನೂ ನಂಬಿದ್ದೆ. ಆದರೆ 6ನೇ ಅಧ್ಯಾಯದಲ್ಲಿ ಅಪ್ಪನ ಆಸ್ಪತ್ರೆ ಬಿಲ್ಲು ಕಟ್ಟಿದ್ದು ಅವನೇ ಎಂಬುದು ಅರ್ಧ ವಾಕ್ಯದಲ್ಲಿ ಬಂದುಹೋಗುತ್ತದೆ. ಅಲ್ಲಿಂದ ಅವಳು ಹೇಳುವುದನ್ನೆಲ್ಲ ಎರಡು ಸಲ ಯೋಚಿಸಿ ಓದುತ್ತಿದ್ದೇನೆ. ಊಹೆ: ಅವಳು ಇನ್ನೂ ಏನೋ ಬಚ್ಚಿಟ್ಟಿದ್ದಾಳೆ. 7, 8ನೇ ಅಧ್ಯಾಯಗಳಲ್ಲಿ ಮನೆಯ ವರ್ಣನೆ ಎರಡು ಸಲ ಬಂತು, ಅಲ್ಲಿ ಓದು ನಿಧಾನವಾಯಿತು. 9ರವರೆಗೆ ಓದಿದವರಿಗೆ ಆ ಬಿಲ್ಲಿನ ಮಾತು ಕಣ್ಣಿಗೆ ಬಿತ್ತೇ? ಮುಂದೆ ಹೋದವರು ದಯವಿಟ್ಟು ಉತ್ತರಿಸಬೇಡಿ.’

ಎರಡನೆಯದರಲ್ಲಿ ಮೂರು ಕೆಲಸ ಆಗಿದೆ. ನಿರೂಪಕಿಯ ಅಭಿಪ್ರಾಯವನ್ನು ಲೇಖಕರ ಅಭಿಪ್ರಾಯ ಎಂದು ತಿಳಿದಿಲ್ಲ. ಓದಿದ್ದು ಯಾವುದು, ಊಹೆ ಯಾವುದು ಎಂದು ಬೇರೆ ಬೇರೆ ಹೇಳಿದೆ. ‘ಬೋರ್’ ಎಂಬುದಕ್ಕೆ ಜಾಗ ಮತ್ತು ಕಾರಣ ಸಿಕ್ಕಿದೆ. ಪಾತ್ರವೊಂದು ಕೆಟ್ಟ ಮಾತಾಡಿದ್ದಕ್ಕೆ ಲೇಖಕರನ್ನು ದೂರುವುದು ಅರ್ಧ ಓದಿದವರಲ್ಲಿ ಬಹಳ ಸಾಮಾನ್ಯ. ಆ ಮಾತನ್ನು ಪುಸ್ತಕ ಮುಂದೆ ಹೇಗೆ ನಡೆಸಿಕೊಳ್ಳುತ್ತದೆ ಎಂದು ಗೊತ್ತಾಗುವವರೆಗೆ ‘ಈ ಪಾತ್ರ ಹೀಗೆನ್ನುತ್ತದೆ’ ಎಂದಷ್ಟೇ ಬರೆಯುವುದು ನ್ಯಾಯ.

ಸಾಲು ಉದ್ಧರಿಸುವಾಗ ಪುಸ್ತಕ ತೆರೆದಿಟ್ಟುಕೊಂಡು ಅಕ್ಷರಶಃ ಬರೆಯಿರಿ, ನೆನಪಿನಿಂದ ಬೇಡ. ಬಿಟ್ಟ ಕಡೆ ಮೂರು ಚುಕ್ಕಿ ಹಾಕಿ. ಒಂದೆರಡು ವಾಕ್ಯ ಸಾಕು. ಪುಟಗಟ್ಟಲೆ ಫೋಟೋ ತೆಗೆದು ಹಾಕುವುದು ಕೃತಿಸ್ವಾಮ್ಯದ ದೃಷ್ಟಿಯಿಂದಲೂ ತಪ್ಪು, ಅಷ್ಟುದ್ದ ಯಾರೂ ಓದುವುದೂ ಇಲ್ಲ.

‘ಬೋರ್’ ಆದಾಗ ಕಾರಣ ಹುಡುಕುವುದು

ಅರ್ಧ ಓದಿದ ಪುಸ್ತಕದ ಬಗ್ಗೆ ಹೆಚ್ಚಾಗಿ ಕೇಳಿಬರುವ ದೂರು ಇದೇ. ಇದೊಂದನ್ನು ಬಿಡಿಸಿ ಹೇಳಲು ಕಲಿತರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಬೇಸರ ಎಂಬುದು ರೋಗಲಕ್ಷಣ ಇದ್ದ ಹಾಗೆ, ಕಾರಣ ಬೇರೆ ಬೇರೆ ಇರುತ್ತದೆ.

ಮೊದಲು ನಿಮ್ಮ ಕಡೆಯದನ್ನು ಪರೀಕ್ಷಿಸಿ. ರಾತ್ರಿ ಹಾಸಿಗೆಯಲ್ಲಿ ಹತ್ತು ಹತ್ತು ನಿಮಿಷ ಓದುತ್ತಿದ್ದರೆ ನಿಧಾನದ ಗದ್ಯ ಯಾವುದಾದರೂ ಬೇಸರ ತರಿಸುತ್ತದೆ. ಮರುದಿನ ಬೇರೆ ಹೊತ್ತಿನಲ್ಲಿ, ಫೋನು ಇನ್ನೊಂದು ಕೋಣೆಯಲ್ಲಿಟ್ಟು, ಅದೇ ಜಾಗದಿಂದ ಹತ್ತು ಪುಟ ಒಟ್ಟಿಗೆ ಓದಿ. ಈಗ ಓದು ಸಾಗಿದರೆ ತೊಂದರೆ ಪುಸ್ತಕದ್ದಲ್ಲ, ಅದನ್ನು ಬರೆಯುವ ಅಗತ್ಯವಿಲ್ಲ.

ಆಗಲೂ ಕುಂಟಿದರೆ ಹಿಂದಿನ ಇಪ್ಪತ್ತು ಪುಟಗಳಲ್ಲಿ ಏನು ಬದಲಾಯಿತು ಎಂದು ಕೇಳಿಕೊಳ್ಳಿ. ಯಾರಾದರೂ ಒಂದು ನಿರ್ಧಾರ ತೆಗೆದುಕೊಂಡರೇ? ಯಾರಿಗಾದರೂ ಹೊಸದೊಂದು ಸಂಗತಿ ಗೊತ್ತಾಯಿತೇ? ಒಬ್ಬರ ಬಗ್ಗೆ ನಿಮ್ಮ ಅಭಿಪ್ರಾಯ ತುಸುವಾದರೂ ಕದಲಿತೇ? ಮೂರಕ್ಕೂ ‘ಇಲ್ಲ’ ಎಂದಾದರೆ ಕಥೆ ನಿಂತಿದೆ ಎನ್ನಲು ನಿಮ್ಮ ಬಳಿ ಆಧಾರವಿದೆ. ಮೂರನೆಯದಕ್ಕೆ ‘ಹೌದು’ ಎಂದಾದರೆ ಕಥೆ ನಿಂತಿಲ್ಲ, ಒಳಗೊಳಗೇ ನಡೆಯುತ್ತಿದೆ. ನಿಮಗೆ ಹೊರಗಿನ ಘಟನೆ ಬೇಕಿತ್ತು ಅಷ್ಟೇ, ಹಾಗೆಂದೇ ಬರೆಯಿರಿ.

ಹೆಸರುಗಳ ಗೊಂದಲವೂ ಬೇಸರದ ವೇಷದಲ್ಲಿ ಬರುತ್ತದೆ. ಮೊದಲ ಐವತ್ತು ಪುಟದಲ್ಲಿ ಹದಿನೈದು ಜನ ಬಂದು, ಅವರಲ್ಲಿ ಮೂವರ ಹೆಸರು ಒಂದೇ ಅಕ್ಷರದಿಂದ ಶುರುವಾದರೆ ಯಾರು ಯಾರ ಜೊತೆ ಮಾತಾಡುತ್ತಿದ್ದಾರೆ ಎಂದೇ ತಿಳಿಯದೆ ಕಣ್ಣು ಸಾಲುಗಳ ಮೇಲೆ ಜಾರುತ್ತದೆ. ಪುಟಗುರುತಿನ ಮೊದಲ ಮುಖ ಇರುವುದು ಇದಕ್ಕೇ. ಕಾಲ ಹಿಂದೆ ಮುಂದೆ ಹಾರುವ ಕಾದಂಬರಿಯಾದರೆ ಪ್ರತಿ ಅಧ್ಯಾಯ ಯಾವ ವರ್ಷದ್ದೆಂದು ಅದರ ಪಕ್ಕದಲ್ಲೇ ಬರೆದುಕೊಳ್ಳಿ. ಪಟ್ಟಿ ಮಾಡಿದ ಮೇಲೂ ಗೊಂದಲ ಉಳಿದರೆ ಅದನ್ನು ಲೇಖಕರ ಲೆಕ್ಕಕ್ಕೆ ಬರೆಯಬಹುದು.

ಪುನರಾವರ್ತನೆ ಅನಿಸಿದರೆ ಎರಡೂ ಪುಟಗಳ ಸಂಖ್ಯೆ ಕೊಡಿ. ಹುಡುಕಿ ನೋಡಿದಾಗ ಎರಡನೇ ಸಲ ಒಂದು ವಿವರ ಬದಲಾಗಿರುವುದು ಕಂಡೀತು, ಅದೇ ಕಥೆಯ ಸುಳಿವೂ ಆಗಿದ್ದೀತು. ಇನ್ನು ಸಣ್ಣ ಅಕ್ಷರ, ಇಕ್ಕಟ್ಟಾದ ಸಾಲು, ಅಚ್ಚಿನ ತಪ್ಪುಗಳಿಂದ ಬರುವ ಕಿರಿಕಿರಿ ಪ್ರಕಾಶಕರಿಗೆ ಸೇರಿದ್ದು. ಅದನ್ನು ಬೇರೆಯೇ ಹೇಳಿ.

ಗುಟ್ಟು ಬಿಟ್ಟುಕೊಡದಿರುವುದು

2011ರಲ್ಲಿ ಪ್ರಕಟವಾದ ಮನಶ್ಶಾಸ್ತ್ರ ಸಂಶೋಧಕರಾದ ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟೆನ್‌ಫೆಲ್ಡ್ ಅವರ ಪ್ರಯೋಗದಲ್ಲಿ, ಸಣ್ಣಕಥೆಗಳ ಕೊನೆಯನ್ನು ಮೊದಲೇ ತಿಳಿದುಕೊಂಡು ಓದಿದವರು ಅವನ್ನು ಸರಾಸರಿಯಲ್ಲಿ ತುಸು ಹೆಚ್ಚೇ ಮೆಚ್ಚಿದ್ದರು. ನಂತರದ ಅಧ್ಯಯನಗಳಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶವೂ ಬಂದಿದೆ. ಏನೇ ಇರಲಿ, ತಿಳಿಯಬೇಕೋ ಬೇಡವೋ ಎಂದು ನಿರ್ಧರಿಸುವುದು ಓದುವವರ ಹಕ್ಕು, ಹೇಳುವವರದ್ದಲ್ಲ.

ಬೆನ್ನುಡಿಯಲ್ಲಿ ಇರುವುದನ್ನು ಧಾರಾಳವಾಗಿ ಹೇಳಬಹುದು. ಅದರಾಚೆಗಿನದನ್ನು ‘9ನೇ ಅಧ್ಯಾಯದವರೆಗಿನ ವಿಷಯ ಇದೆ’ ಎಂದು ಮೇಲೇ ಎಚ್ಚರಿಸಿ, ಕೆಲವು ಸಾಲು ಜಾಗ ಬಿಟ್ಟು ಬರೆಯಿರಿ. ಮೇಲಿನ ಉದಾಹರಣೆಯನ್ನೇ ಪುಸ್ತಕ ಇನ್ನೂ ಮುಟ್ಟದವರಿಗೆ ಹೇಳುವುದಾದರೆ ಆಸ್ಪತ್ರೆ ಬಿಲ್ಲಿನ ಮಾತು ತೆಗೆದು, ‘ಕಥೆ ಹೇಳುವವಳನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆ ಎದ್ದಿದೆ’ ಎಂದರೆ ಸಾಕು.

ಘಟನೆ ಹೇಳದೆಯೂ ಗುಟ್ಟು ಬಿಟ್ಟುಕೊಡಬಹುದು ಎಂಬುದು ಹಲವರಿಗೆ ಹೊಳೆಯುವುದಿಲ್ಲ. ‘ಕೊನೆಯಲ್ಲಿ ಒಂದು ತಿರುವಿದೆ, ಹೇಳಲ್ಲ’ ಎಂದರೆ ಓದುವವರು ಪ್ರತಿ ಪುಟದಲ್ಲೂ ಅದನ್ನೇ ಹುಡುಕುತ್ತಾರೆ. ‘ಆ ಹುಡುಗನ ಮೇಲೆ ಕಣ್ಣಿಡಿ’, ‘18ನೇ ಅಧ್ಯಾಯಕ್ಕೆ ಬನ್ನಿ, ಆಮೇಲೆ ಮಾತಾಡೋಣ’, ಊಹೆಗೆ ಉತ್ತರವಾಗಿ ಬರೀ ಒಂದು ನಗುವ ಚಿಹ್ನೆ, ಎಲ್ಲವೂ ಉತ್ತರಗಳೇ. ನಿಮಗಿಂತ ಹಿಂದಿರುವವರು ಊಹೆ ಹೇಳಿದಾಗ ಸರಿ ತಪ್ಪು ಎನ್ನದೆ ‘ಯಾವ ಸಾಲಿನಿಂದ ಹಾಗನಿಸಿತು?’ ಎಂದು ಕೇಳಿ. ಊಹೆ ಸರಿಯಿದ್ದಾಗಲೂ ತಪ್ಪಿದ್ದಾಗಲೂ ಇದೇ ಪ್ರಶ್ನೆ ಕೇಳಿದರೆ ಮಾತ್ರ ಗುಟ್ಟು ಉಳಿಯುತ್ತದೆ.

ನಿಮ್ಮನ್ನು ನೀವು ಕಾಪಾಡಿಕೊಳ್ಳಬೇಕಾದರೆ ಪಾತ್ರದ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಬೇಡಿ. ಹೆಸರು ಬೆರಳಚ್ಚಿಸುವಷ್ಟರಲ್ಲೇ ‘ಸಾವು’, ‘ಕೊಲೆ’ ಎಂಬ ಸಲಹೆಗಳು ಕಾಣಿಸಿಕೊಳ್ಳುತ್ತವೆ. ಹಳೆಯ ಪ್ರಸಿದ್ಧ ಕಾದಂಬರಿಗಳ ಹೊಸ ಆವೃತ್ತಿಯಲ್ಲಿ ವಿದ್ವಾಂಸರು ಬರೆದ ಮುನ್ನುಡಿಯನ್ನು ಕೊನೆಗೆ ಓದಿ. ಕಥೆ ಎಲ್ಲರಿಗೂ ಗೊತ್ತು ಎಂದುಕೊಂಡೇ ಅವನ್ನು ಬರೆದಿರುತ್ತಾರೆ.

ಬೇರೆ ಬಗೆಯ ಪುಸ್ತಕಗಳು

ಕಥಾಸಂಕಲನದಲ್ಲಿ ಪ್ರತಿ ಕಥೆಯೂ ಮುಗಿದ ಕೃತಿ, ಅದರ ಬಗ್ಗೆ ಪೂರ್ತಿ ಅಭಿಪ್ರಾಯ ಹೇಳಬಹುದು. ಸಂಕಲನದ ಬಗ್ಗೆ ಮಾತ್ರ ತಡೆಯಿರಿ. ಕವಿತೆಯಾದರೆ ಒಂದನ್ನೇ ಆರಿಸಿಕೊಂಡು ಮೂರು ಸಲ ಓದಿ, ಒಂದು ಸಲವಾದರೂ ಗಟ್ಟಿಯಾಗಿ. ಅರ್ಥವಾಗದ ಸಾಲನ್ನು ಅರ್ಥವಾಗಲಿಲ್ಲ ಎಂದೇ ಮುಂದಿಟ್ಟರೆ ಒಳ್ಳೆಯ ಮಾತುಕತೆ ಅಲ್ಲಿಂದಲೇ ಶುರುವಾಗುತ್ತದೆ.

ವೈಚಾರಿಕ ಪುಸ್ತಕಕ್ಕೆ ಕ್ರಮ ಬೇರೆ. ಲೇಖಕರ ವಾದವನ್ನು ಮೊದಲು ಎರಡು ವಾಕ್ಯದಲ್ಲಿ, ಅವರೇ ಒಪ್ಪುವ ಹಾಗೆ ಬರೆಯಿರಿ. ನಂತರ ಅವರು ಕೊಟ್ಟ ಆಧಾರ, ಆಮೇಲೆ ನಿಮ್ಮ ಆಕ್ಷೇಪ. ಆಕ್ಷೇಪ ಬರೆಯುವ ಮುನ್ನ ಪರಿವಿಡಿ ಮತ್ತು ಪದಸೂಚಿ ನೋಡಿ. ಅದೇ ಪ್ರಶ್ನೆಗೆ ಮುಂದೊಂದು ಅಧ್ಯಾಯ ಮೀಸಲಿರುವುದು ಅಪರೂಪವಲ್ಲ. ಅಡಿಟಿಪ್ಪಣಿ ತೆರೆದು ನೋಡದೆ ‘ಆಧಾರವಿಲ್ಲ’ ಎನ್ನಬೇಡಿ.

ಅನುವಾದವಾದರೆ ಅನುವಾದಕರ ಹೆಸರು ಹೇಳುವುದು ಕನಿಷ್ಠ ಮರ್ಯಾದೆ. ಭಾಷೆ ತೊಡಕೆನಿಸಿದರೆ ಅದು ಮೂಲದ್ದೋ ಅನುವಾದದ್ದೋ ಎಂದು ಒಂದೇ ಪಠ್ಯ ನೋಡಿ ಹೇಳಲಾಗದು. ಮೂಲ ಓದಬಲ್ಲವರು ಒಂದು ಪ್ಯಾರಾ ಪಕ್ಕಪಕ್ಕ ಇಟ್ಟು ನೋಡಲಿ. ಉಳಿದವರು ತೊಡಕಿನ ವಾಕ್ಯ ಎತ್ತಿ ತೋರಿಸಿ ಅಷ್ಟಕ್ಕೇ ನಿಲ್ಲುವುದು ಒಳ್ಳೆಯದು.

ಜೊತೆಯಾಗಿ ಓದುವಾಗ

ಐದಾರು ಜನ ಒಂದೇ ಪುಸ್ತಕ ಓದುವುದಾದರೆ ಹಿಂದಿನ ಕಾಲದ ಕಂತನ್ನು ನೀವೇ ಸೃಷ್ಟಿಸಿಕೊಳ್ಳಬಹುದು. 320 ಪುಟಕ್ಕೆ ನಾಲ್ಕು ವಾರ ಎಂದರೆ ವಾರಕ್ಕೆ 80 ಪುಟ. ವಾರದಲ್ಲಿ ಒಂದು ದಿನ ಬಿಟ್ಟು ಲೆಕ್ಕ ಹಾಕಿದರೆ ದಿನಕ್ಕೆ ಹದಿಮೂರು ಹದಿನಾಲ್ಕು ಪುಟ, ಪುಟಕ್ಕೆ ಎರಡು ನಿಮಿಷ ಹಿಡಿದರೂ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ನಿಲ್ಲುವ ಜಾಗ 80ನೇ ಪುಟಕ್ಕೇ ಬೀಳಬೇಕಿಲ್ಲ, ಹತ್ತಿರದ ಅಧ್ಯಾಯದ ಕೊನೆಗೆ ಸರಿಸಿ.

ಮಾತು ಶುರುವಾಗುವ ಮುಂಚೆ ಎಲ್ಲರೂ ತಮ್ಮ ಅಭಿಪ್ರಾಯವನ್ನು ಮೂರು ಸಾಲಲ್ಲಿ ಬರೆದಿಟ್ಟುಕೊಂಡಿರಬೇಕು. ಇದನ್ನು ಬಿಟ್ಟರೆ ಮೊದಲು ಗಟ್ಟಿಯಾಗಿ ಮಾತಾಡಿದವರ ದಾರಿಯಲ್ಲೇ ಉಳಿದವರೂ ಹೋಗುತ್ತಾರೆ, ‘ಹೌದು, ನನಗೂ ಹಾಗೇ ಅನಿಸಿತು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಮೊದಲ ಸುತ್ತಿನಲ್ಲಿ ಒಬ್ಬೊಬ್ಬರಿಗೆ ಎರಡು ನಿಮಿಷ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಆರು ಜನಕ್ಕೆ ಹನ್ನೆರಡು ನಿಮಿಷ, ಒಂದು ಗಂಟೆಯಲ್ಲಿ ಉಳಿದದ್ದೆಲ್ಲ ಚರ್ಚೆಗೆ. ಕಡಿಮೆ ಓದಿದವರು ಮೊದಲು, ಮುಂದೆ ಓದಿದವರು ಕೊನೆಗೆ ಮಾತಾಡಲಿ. ಓದದೆ ಬಂದವರನ್ನು ನಾಚಿಸಬೇಡಿ, ಆದರೆ ಅವರಿಗಾಗಿ ಕಥೆ ಹೇಳುತ್ತಾ ಕೂರಬೇಡಿ.

ಭಿನ್ನಾಭಿಪ್ರಾಯ ಬಂದಾಗ ‘ನಿಮಗೆ ಅರ್ಥವಾಗಿಲ್ಲ’ ಎಂಬ ಮಾತಿನಿಂದ ಏನೂ ಸಾಧಿಸಲಾಗದು. ‘ಯಾವ ಪುಟ?’ ಎಂದು ಕೇಳಿ, ಇಬ್ಬರೂ ಆ ಪುಟ ತೆರೆದು ಗಟ್ಟಿಯಾಗಿ ಓದಿ. ಅರ್ಧಕ್ಕರ್ಧ ಜಗಳ ಅಲ್ಲೇ ಕರಗುತ್ತದೆ, ಒಬ್ಬರು ಒಂದು ಪದ ಬಿಟ್ಟು ಓದಿರುವುದು ಕಾಣುತ್ತದೆ. ಉಳಿದರ್ಧ ನಿಜವಾದ ಭಿನ್ನಾಭಿಪ್ರಾಯ, ಅದು ಮುಂದಿನ ವಾರಕ್ಕೆ ಉಳಿಯಲಿ.

ಮನಸ್ಸು ಬದಲಾದರೆ, ಪುಸ್ತಕ ಬಿಟ್ಟರೆ

ಹಿಂದೆ ಹೇಳಿದ್ದನ್ನು ಅಳಿಸಬೇಡಿ, ತಿದ್ದಬೇಡಿ. ದಿನಾಂಕದ ಜೊತೆ ಕೆಳಗೆ ಸೇರಿಸಿ: ‘15ನೇ ಅಧ್ಯಾಯ. ಮನೆಯ ವರ್ಣನೆ ಎರಡು ಸಲ ಬಂತು ಎಂದಿದ್ದೆ. ಎರಡನೆಯದರಲ್ಲಿ ಒಂದು ಕೋಣೆ ಕಾಣೆಯಾಗಿತ್ತು, ಗಮನಿಸಿರಲಿಲ್ಲ.’ ನಿಮ್ಮ ಹಿಂದೆ ಬರುತ್ತಿರುವ ಓದುಗರಿಗೆ ಹಳೆಯ ಮಾತು, ಹೊಸ ಮಾತು ಎರಡೂ ಬೇಕು. ಆದರೆ ಹೊಸದಕ್ಕೆ ಹೊಸ ಎಚ್ಚರಿಕೆಯನ್ನೂ ಹಾಕಬೇಕು, ಅದು 15ನೇ ಅಧ್ಯಾಯದ ಗುಟ್ಟು.

ಅರ್ಧಕ್ಕೇ ಬಿಡುವುದು ತಪ್ಪಲ್ಲ. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರದ್ದೊಂದು ಹೆಸರಾದ ಸೂತ್ರವಿದೆ: ಐವತ್ತು ಪುಟ ಓದಿ, ಹಿಡಿಸದಿದ್ದರೆ ಬಿಡಿ, ವಯಸ್ಸು ಐವತ್ತು ದಾಟಿದ್ದರೆ ನೂರರಲ್ಲಿ ವಯಸ್ಸು ಕಳೆದು ಉಳಿದಷ್ಟು ಪುಟ ಓದಿ. ಎಪ್ಪತ್ತರವರು ಮೂವತ್ತು ಪುಟಕ್ಕೇ ಬಿಡಬಹುದು. ಬಿಟ್ಟ ಪುಸ್ತಕಕ್ಕೆ ಅಂಕ, ನಕ್ಷತ್ರ ಕೊಡಬೇಡಿ. ಓದದ ಭಾಗಕ್ಕೂ ಅಂಕ ಕೊಟ್ಟಂತಾಗುತ್ತದೆ. ಎಲ್ಲಿ ಬಿಟ್ಟಿರಿ, ಯಾಕೆ, ಮುಂದೆ ತೆಗೆಯುವ ಮನಸ್ಸಿದೆಯೇ ಎಂಬ ಮೂರು ಮಾತು ಬರೆಯಿರಿ: ‘11ನೇ ಅಧ್ಯಾಯಕ್ಕೆ ನಿಲ್ಲಿಸಿದೆ. ಕೋರ್ಟಿನ ವಿವರ ನಲವತ್ತು ಪುಟ ಹೋಯಿತು, ಅಣ್ಣ ತಂಗಿ ಇಬ್ಬರೂ ಅಲ್ಲಿ ಕಾಣಿಸಲೇ ಇಲ್ಲ. ಕಾನೂನು ಗೊತ್ತಿರುವವರಿಗೆ ಆ ಭಾಗವೇ ರುಚಿಸಬಹುದು.’ ಪುಟಗುರುತನ್ನು ತೆಗೆಯದೆ ಒಳಗೇ ಬಿಡಿ. ಮತ್ತೆ ಕೈಗೆತ್ತಿಕೊಂಡರೆ ಮೊದಲಿನಿಂದ ಓದಬೇಕಾಗಿಲ್ಲ, ಹೆಸರುಗಳೂ ನಿಮ್ಮ ಊಹೆಗಳೂ ಅದರಲ್ಲೇ ಇರುತ್ತವೆ.